ಫಾರ್ಮ್ಯಾಟ್ ಆದ ಹಳದಿ ಶಾಸ್ತ್ರ

ಕಳೆದ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ ಮದುಮಗಳೊಬ್ಬಳು ಅಳುತ್ತ ನಿಂತಿದ್ದಳು. ಕೈಯ ಮದರಂಗಿ ಇನ್ನೂ ಕೆಂಪಗಿತ್ತು. ಗೇಟಿನ ಹೊರಗೆ ಬೈಕಿನ ಪಕ್ಕದಲ್ಲಿ ಮದುಮಗ, ತಲೆ ತಗ್ಗಿಸಿಕೊಂಡು.

ನೀವಾಗಿದ್ದರೆ ಏನು ತಿಳಿಯುತ್ತಿದ್ದಿರಿ? ನಾನೂ ಅದನ್ನೇ ತಿಳಿದೆ. ಹುಡುಗನನ್ನು ಕೆಕ್ಕರಿಸಿ ನೋಡಿದೆ.

"ಅವ್ರು ಹೊಡಿಲಿಲ್ಲ ಅಕ್ಕೋರೆ," ಎಂದಳು ಹುಡುಗಿ, ಮೂಗು ಒರೆಸಿಕೊಳ್ಳುತ್ತ. "ಅವ್ರು ಫಾರ್ಮ್ಯಾಟ್ ಮಾಡ್ದ್ರು."

ಹುಡುಗಿಯ ಹೆಸರು ನಯನಾ. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ, ಈಗ ಅಂಕೋಲೆಯಲ್ಲೇ ಒಂದು ಶಿಶುವಿಹಾರದಲ್ಲಿ ಪಾಠ ಹೇಳುತ್ತಾಳೆ. ಹುಡುಗ ಮಹೇಶ, ತೋಡೂರಿನವನು, ಕೈಗಾದಲ್ಲಿ ನೌಕರಿ. ಮದುವೆಯಾಗಿ ಒಂದು ವಾರವೂ ತುಂಬಿರಲಿಲ್ಲ. ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಒಂದು ಮೆಮರಿ ಕಾರ್ಡ್.

ಕತೆ ಇಷ್ಟೇ. ಮದುವೆಯ ದಿನ ಸ್ಟುಡಿಯೋದವರು ಬಂದಿದ್ದರು, ಆಲ್ಬಮ್ ಆಗುತ್ತದೆ. ಆದರೆ ಹಿಂದಿನ ದಿನ ಕೇಣಿಯಲ್ಲಿರುವ ಅವಳ ತವರುಮನೆಯ ಅಂಗಳದಲ್ಲಿ ಹಳದಿ ಶಾಸ್ತ್ರ ನಡೆದಾಗ ನಯನಾಳ ಡಿಜಿಟಲ್ ಕ್ಯಾಮೆರಾ ಒಂದೇ ಗತಿ. ನಡೆದಾಡಲಾಗದ ಅಜ್ಜಿಯನ್ನು ಎತ್ತಿಕೊಂಡು ಬಂದು ಕೂರಿಸಿದ್ದು, ಆಕೆ ಮೊದಲ ಹಳದಿ ಹಚ್ಚಿದ್ದು, ಹೆಂಗಸರೆಲ್ಲ ಹಾಡಿದ್ದು, ಎಲ್ಲವೂ ಆ ಕಾರ್ಡಿನಲ್ಲಿದ್ದವು. ಅಜ್ಜಿ ಮದುವೆಯ ಹಾಲ್‌ಗೆ ಬಂದೇ ಇರಲಿಲ್ಲ. ಮೊಮ್ಮಗಳ ಜೊತೆ ಆಕೆ ಇರುವ ಫೋಟೋ ಬೇರೆಲ್ಲೂ ಇಲ್ಲ.

ಮಹೇಶ ಫೋಟೋ ನೋಡಲೆಂದು ಕ್ಯಾಮೆರಾ ಕೈಗೆತ್ತಿಕೊಂಡಿದ್ದ. ಅದು ಏನೋ ಕೇಳಿತು. ಇವನು ಓಕೆ ಒತ್ತಿದ. (ಓದದೇ ಓಕೆ ಒತ್ತುವುದು ನಮ್ಮೆಲ್ಲರ ಕಾಯಿಲೆ. ನೀವು ಕೊನೆಯ ಸಲ ಓದಿ ಒತ್ತಿದ್ದು ಯಾವಾಗ?)

"ಒಳಗೆ ಬಾ ಮಾರಾಯ," ಎಂದು ಅವನನ್ನೂ ಕರೆದೆ. ಕಂಪ್ಯೂಟರಿನ ಕಸೂತಿ ಹೊದಿಕೆ ತೆಗೆಯುತ್ತಿದ್ದಾಗ ಅವನು ಚೀಲದಿಂದ ಕ್ಯಾಮೆರಾ ತೆಗೆದು ಮೆಲ್ಲಗೆ, "ಅಕ್ಕೋರೆ, ಒಂದ್ ಫೋಟೋ ತೆಗ್ದು ನೋಡ್ವನಾ? ಕಾರ್ಡ್ ಸಮ ಅದೆಯೋ ಇಲ್ವೋ ಗುತ್ತಾಗ್ತದೆ" ಎಂದ.

"ಮುಟ್ಟಬೇಡ!" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಅಷ್ಟರಲ್ಲಿ ಬಾಗಿಲಲ್ಲಿ ನಯನಾಳ ಆಯಿ, ಶೇವಂತಿಬಾಯಿ. ಅವರು ಪೇಟೆಯಲ್ಲಿ ಮೀನು ಮಾರುತ್ತಾರೆ. ನಮ್ಮ ಮನೆಯ ಬಂಗಡೆ ಬರುವುದು ಅವರ ಬುಟ್ಟಿಯಿಂದಲೇ. ಮಗಳು ಬೈಕಿನ ಹಿಂದೆ ಅಳುತ್ತ ಪೇಟೆ ದಾಟಿದ್ದನ್ನು ಕಂಡು ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ ಓಡಿ ಬಂದಿದ್ದರು. ಅವರೂ ಬರುತ್ತಲೇ ಅಳಿಯನನ್ನು ಕೆಕ್ಕರಿಸಿದರು. ಪಾಪದ ಹುಡುಗ!

ವಿಷಯ ತಿಳಿದ ಮೇಲೆ ಕೇಳಿದರು, "ಅಳ್ಸಿದ್ದು ತಿರ್ಗಿ ಹೆಂಗ್ ಬತ್ತದೆ ಅಕ್ಕೋರೆ?"

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೇಟೆಯಲ್ಲಿ ನಿಮ್ಮ ಜಾಗದ ಮುಂದೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದೆ ಎಂದುಕೊಳ್ಳಿ. ಯಾರೋ ಬಂದು ಹೆಸರು ಒರೆಸಿದರು. ನಿಮ್ಮ ಬುಟ್ಟಿ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ, ಅಲ್ಲೇ ಇದೆ. ಹೆಸರು ಇಲ್ಲವಲ್ಲ, ಜಾಗ ಖಾಲಿ ಎಂದುಕೊಂಡು ಇನ್ನೊಬ್ಬರು ಬಂದು ಕೂತಾಗ ಮಾತ್ರ ಬುಟ್ಟಿ ಹೋಗುತ್ತದೆ. ಡಿಲೀಟ್ ಎಂದರೂ ಅಷ್ಟೇ, ಕ್ಯಾಮೆರಾದ ಫಾರ್ಮ್ಯಾಟ್ ಎಂದರೂ ಸಾಮಾನ್ಯವಾಗಿ ಅಷ್ಟೇ. ಹೊಸ ಫೋಟೋ ತೆಗೆದರೆ ಅದು ಹಳೆಯದರ ಜಾಗದಲ್ಲಿ ಕೂರಬಹುದು.

"ಹಂಗಾರೆ ಬೇಗ ಮಾಡಿ, ಯಾರಾರೂ ಬಂದು ಕುಂತ್ಕಂಬುಕಿಂತ ಮೊದ್ಲು," ಎಂದರು ಶೇವಂತಿಬಾಯಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಸೀರೆಗೆ ಮೀನಿನ ವಾಸನೆ ಎಂದು ಹೊಸ್ತಿಲ ಬಳಿಯೇ ನಿಂತರು.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಫೋಟೋ ರಿಕವರಿ ಸಾಫ್ಟ್‌ವೇರ್ ಇತ್ತು. ಇಂಥ ಸಿ.ಡಿ.ಗಳನ್ನು ಎಸೆಯಬೇಡಿ. (ಕಾಗೆ ಓಡಿಸಲು ಮಾವಿನ ಮರಕ್ಕೆ ಕಟ್ಟುವವರನ್ನು ನಾನು ಬಲ್ಲೆ.) ಕಾರ್ಡ್ ರೀಡರಿಗೆ ಕಾರ್ಡ್ ಸಿಕ್ಕಿಸಿದೆ. ಸ್ಕ್ಯಾನ್ ಒತ್ತಿದೆ. ಸಿಕ್ಕಿದ್ದನ್ನು ಎಲ್ಲಿ ಇಡಲಿ ಎಂದು ಕೇಳಿದಾಗ ಡಿ ಡ್ರೈವ್ ತೋರಿಸಿದೆ. ಇದನ್ನು ನೆನಪಿಡಿ, ಮರಳಿ ಬಂದದ್ದನ್ನು ಯಾವತ್ತೂ ಅದೇ ಕಾರ್ಡಿಗೆ ತುಂಬಬಾರದು. ತುಂಬಿದರೆ ಉಳಿದವುಗಳ ಮೇಲೆ ನೀವೇ ಕೂತಂತೆ.

ಹಸಿರು ಪಟ್ಟಿ ತೆವಳತೊಡಗಿತು. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು! ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ನಯನಾಳೂ ಶುರು ಮಾಡಿದಳು. ಮಹೇಶ ಫ್ಯಾನಿನ ಕಡೆ ನೋಡುತ್ತ ಕೈ ಮುಗಿದೇ ನಿಂತ. ಯಾವ ದೇವರೋ ತಿಳಿಯದು, ಫ್ಯಾನು ತಿರುಗಿತು.

ಫೋಟೋಗಳು ಒಂದೊಂದಾಗಿ ಬಂದವು. ಹೆಸರುಗಳು ಹೋಗಿ ಬರೀ ನಂಬರುಗಳಾಗಿದ್ದವು. ಕೆಲವಕ್ಕೆ ಮೇಲಿನ ಅರ್ಧ ಚಿತ್ರ, ಕೆಳಗಿನ ಅರ್ಧ ಬೂದಿ ಬಣ್ಣ. ಆದರೆ ಅಜ್ಜಿ ಇದ್ದಳು! ನಡುಗುವ ಬೆರಳು, ಮೊಮ್ಮಗಳ ಕೆನ್ನೆ, ಹಳದಿ. ನಯನಾ ನನ್ನನ್ನು ತಬ್ಬಿಕೊಂಡಳು. ಮಹೇಶ ಅಂದು ಮೊದಲ ಸಲ ಉಸಿರಾಡಿದ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಟಿಪ್ಸ್ ಅಷ್ಟೇ ಆಗುತ್ತಿತ್ತು. ಮುಗಿಯಲಿಲ್ಲ.

ಹಳದಿಯ ಫೋಟೋಗಳ ನಂತರವೂ ಚಿತ್ರಗಳು ಬರುತ್ತಲೇ ಇದ್ದವು. ಅಂಗಳದಲ್ಲಿ ಮೀನು ಕೊಯ್ಯುತ್ತ ನಗುತ್ತಿರುವ ಶೇವಂತಿಬಾಯಿ. ಕೇಣಿಯ ದಂಡೆಯಲ್ಲಿ ಗಾಳಿಗೆ ಹಾರುವ ಸೆರಗು ಹಿಡಿದ ಶೇವಂತಿಬಾಯಿ. ಹಬ್ಬದ ದಿನ ಮಲ್ಲಿಗೆ ಮುಡಿದು ಯಾರನ್ನೋ ಬಯ್ಯುತ್ತಿರುವ ಶೇವಂತಿಬಾಯಿ.

"ಇವು ನಾ ತೆಗ್ದದ್ದೇ!" ನಯನಾ ಕುರ್ಚಿಯ ತುದಿಗೆ ಬಂದಳು. "ಕಂಪ್ಯೂಟ್ರಿಗೆ ಹಾಕೂಕೆ ಹೋದ್ರೆ ಒಂದೂ ಇರ್ತಿರ್ಲಿಲ್ಲ. ಕ್ಯಾಮೆರಾನೇ ಹಾಳು ಅಂತ ಕಾರವಾರದ ಅಂಗ್ಡಿಯವ್ನ ಹತ್ರ ಜಗಳ ಮಾಡಿ ಬಂದಿ ಅಕ್ಕೋರೆ!"

ನಾನು ತಿರುಗಿ ನೋಡಿದೆ. ಶೇವಂತಿಬಾಯಿ ಚಪ್ಪಲಿ ಮೆಟ್ಟುತ್ತಿದ್ದರು. "ಬುಟ್ಟಿ ಬಿಟ್ಟು ಬಂದಿ, ನಾ ಹೋಗ್ತಿ."

"ಆಯಿ, ನಿಲ್ಲು. ನೀನೇನೇ ಅಳ್ಸಿದ್ದು?"

ಶೇವಂತಿಬಾಯಿ ಗೋಡೆಯ ಕ್ಯಾಲೆಂಡರ್ ನೋಡಿದರು. "ಕಸದ ಬುಟ್ಟಿ ಚಿತ್ರ ಇದ್ದದ್ದು ಒತ್ತಿದ್ರೆ ಹೋಗ್ತದೆ ಅಂತ ನೀನೇ ತೋರ್ಸಿದ್ದೆಯಲ್ಲೆ."

"ಯಾಕೆ?"

"ಯಾಕೆ ಅಂದ್ರೆ? ಬಿಸಲಗೆ ಕುಂತು ಕುಂತು ಮೋರೆ ಕರ್ರಗೆ ಆಗದೆ. ಕೈಲಿ ಮೀನ ಕತ್ತಿ. ನಿನ್ ಗಂಡನ ಮನೆಯವ್ರು ಫೋಟೋ ನೋಡೂಕೆ ಕುಂತ್ರೆ ಯಂತಾ ಅಂದ್ಕಂತ್ರು?"

ನಯನಾಳ ಕಣ್ಣು ಮತ್ತೆ ತುಂಬಿತು. ನಾನು ಮೌಸ್ ಹಿಡಿದು ಆ ಫೋಟೋಗಳನ್ನು ಪರದೆಯ ಮೇಲೆ ಸಾಲಾಗಿ ಇಟ್ಟೆ.

ಬಾಯಿ ಬಿಟ್ಟವನು ಮಹೇಶ. ಪರದೆಯ ಮೇಲೆ ಬೆರಳಿಟ್ಟು, "ಅಕ್ಕೋರೆ, ಇದನ್ನ ದೊಡ್ಡದು ಮಾಡ್ಸೂಕೆ ಬತ್ತದ್ಯಾ? ನಮ್ ಕ್ವಾರ್ಟರ್ಸಿನ ಹಾಲ್‌ನಾಗೆ ಹಾಕ್ತಿ" ಎಂದ. ಅವನು ತೋರಿಸಿದ್ದು ಕತ್ತಿ ಹಿಡಿದು ನಗುವ ಫೋಟೋವನ್ನೇ. ಆಮೇಲೆ ಅತ್ತೆಯ ಕಡೆ ತಿರುಗಿ, "ಮನೆಗೆ ಬಂದವ್ರೆಲ್ಲ ನೋಡ್ಲಿ ಅತ್ತೆ. ನಮ್ಮ ಆಯಿನೂ ಇದ್ನೇ ನೋಡ್ಲಿ" ಎಂದ.

ಶೇವಂತಿಬಾಯಿ ಹೊಸ್ತಿಲು ದಾಟಿ ಒಳಗೆ ಬಂದರು. ಮೊದಲ ಸಲ ಪರದೆಯ ಹತ್ತಿರ ಬಗ್ಗಿ ತಮ್ಮ ಮುಖವನ್ನು ತಾವೇ ನೋಡಿಕೊಂಡರು. ತುಂಬ ಹೊತ್ತು ನೋಡಿದರು.

"ಇದಲ್ಲ," ಎಂದರು ಕೊನೆಗೆ. "ಇದ್ರಲ್ಲಿ ಸೆರಗು ಸಮ ಇಲ್ಲ. ಹೊಸದೊಂದು ತೆಗಿ ನಯನಾ."

ಎಲ್ಲರೂ ಅಂಗಳಕ್ಕೆ ಹೊರಟರು. ನಾನು ಅಡ್ಡ ನಿಂತೆ. ಮೊದಲು ಎಲ್ಲವನ್ನೂ ಸಿ.ಡಿ.ಗೆ ಬರೆಯಬೇಕು, ಒಂದು ಮದುಮಕ್ಕಳ ಮನೆಗೆ, ಒಂದು ಕೇಣಿಗೆ. ಅಲ್ಲಿಯವರೆಗೆ ಕ್ಯಾಮೆರಾಕ್ಕೆ ಕೈ ಹಚ್ಚುವಂತಿಲ್ಲ! ಶೇವಂತಿಬಾಯಿ ಅಷ್ಟು ಹೊತ್ತೂ ನನ್ನ ಕನ್ನಡಿಯ ಮುಂದೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ತುಳಸಿಕಟ್ಟೆಯ ಪಕ್ಕ ನಿಂತರು, ಒಂದು ಕಡೆ ಮಗಳು, ಇನ್ನೊಂದು ಕಡೆ ಅಳಿಯ. ಕ್ಲಿಕ್ಕಿಸಿದವಳು ನಾನು. ಅವರು ನಗಲಿಲ್ಲ, ಗಂಭೀರವಾಗಿ ನಿಂತರು. ಇರಲಿ, ಅದು ಅವರೇ ಆರಿಸಿಕೊಂಡ ಮುಖ. ಕತ್ತಿಯ ಫೋಟೋವನ್ನು ಮಹೇಶ ಬಿಟ್ಟುಕೊಡಲಿಲ್ಲ, ಅದು ಬೇರೆ ಮಾತು.

ನೀವೂ ಇವತ್ತೇ ನಿಮ್ಮ ಫೋಟೋಗಳನ್ನು ಸಿ.ಡಿ.ಗೆ ಹಾಕಿಡಿ, ಹಾರ್ಡ್ ಡಿಸ್ಕನ್ನು ನಂಬಬೇಡಿ. ಹಾಕುವ ಮೊದಲು ಒಂದೊಂದನ್ನೇ ತೆರೆದು ನೋಡಿ. ಅಷ್ಟೂ ಫೋಟೋಗಳಲ್ಲಿ ನಿಮ್ಮ ಅಮ್ಮ ಎಲ್ಲಿದ್ದಾರೆ?