ತೂತು ಹೊಡೆಯದ ರಟ್ಟು

ನಮ್ಮ ದೊಡ್ಡಮ್ಮ ಕಟಿಂಗ್ ಮಾಸ್ತರು. ಹೆಂಗಸಿಗೆ ಮಾಸ್ತರು ಅನ್ನುವುದು ಸರಿಯಲ್ಲ ಎಂದು ಯಾರೋ ಒಮ್ಮೆ ಹೇಳಿದ್ದಕ್ಕೆ, “ಕತ್ತರಿಗೆ ಅದೆಲ್ಲ ಗೊತ್ತಾಗಲ್ಲ, ನೀನು ಬಟ್ಟೆ ಹಿಡಿ” ಅಂದಿದ್ದಳಂತೆ. ಆಸ್ಪತ್ರೆ, ಶಾಲೆ, ಕಾರ್ಖಾನೆಗಳಿಗೆ ಸಮವಸ್ತ್ರ ಹೊಲಿಯುವ ಒಂದು ಜಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಾಳೆ. ಅದು ಕೂತು ಮಾಡುವ ಕೆಲಸವಲ್ಲ. ಅವಳ ಎಡಗಾಲು ಸಂಜೆ ಹೊತ್ತಿಗೆ ಊದಿಕೊಳ್ಳುತ್ತದೆ, ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಕೂರುವ ಕಡೆ ಚರ್ಮ ಗಟ್ಟಿಯಾಗಿ ಹಳದಿಯಾಗಿದೆ.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ರಟ್ಟಿನ ವಿಷಯ ಮೊದಲೇ ಹೇಳಬೇಕು. ಕೋಟಿನ ತೋಳು, ಬೆನ್ನು, ಕಾಲರು, ಜೇಬು, ಹೀಗೆ ಪ್ರತಿ ಭಾಗಕ್ಕೂ ದಪ್ಪ ರಟ್ಟಿನಲ್ಲಿ ಒಂದೊಂದು ಅಚ್ಚು ಕತ್ತರಿಸಿಕೊಳ್ಳುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದರೆ ನೂರು ಕೋಟುಗಳೂ ಒಂದೇ ಸಮ ಬರುತ್ತವೆ. ಆದರೆ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಒಂದೊಂದು ಬಟ್ಟೆ ಒಂದೊಂದು ಲೆಕ್ಕದಲ್ಲಿ. ಹಾಗಾಗಿ ದೊಡ್ಡಮ್ಮ ಬಟ್ಟೆಯ ತುಂಡೊಂದನ್ನು ತೊಳೆದು, ಒಣಗಿಸಿ, ಅಳೆದು, ಎಷ್ಟು ಕುಗ್ಗಿತೋ ಅಷ್ಟನ್ನು ರಟ್ಟಿಗೆ ಸೇರಿಸುತ್ತಾಳೆ. ಅಷ್ಟಾದ ಮೇಲೆಯೇ ರಟ್ಟಿನ ತಲೆಗೆ ತೂತು ಹೊಡೆದು ಗೋಡೆಯ ಮೊಳೆಗೆ ನೇತುಹಾಕುವುದು. ತೂತಿಲ್ಲದ ರಟ್ಟು ಅಂದರೆ ಇನ್ನೂ ಹಸಿ ರಟ್ಟು, ಅದನ್ನು ಬಟ್ಟೆಯ ಮೇಲೆ ಇಡುವಂತಿಲ್ಲ. ಅವಳ ಹಳೆಯ ಕೆಲಸದಲ್ಲಿ ಇದು ನೆಲ ಗುಡಿಸುವವರಿಗೂ ಗೊತ್ತಿತ್ತು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಸದಾಗಿ ಶುರುವಾದ ದೊಡ್ಡ ಹೊಲಿಗೆ ಕಂಪನಿಯ ಮ್ಯಾನೇಜರ್ ತಾನಾಗಿಯೇ ಅವಳನ್ನು ಕರೆಸಿದ. “ನಿಮ್ಮಂಥವರು ನಮಗೆ ಬೇಕು ಮೇಡಂ. ಹಳೇ ಕೆಲಸ ಬಿಟ್ಟಿದ್ದಕ್ಕೆ ಒಂದು ಕಾಗದ ತನ್ನಿ. ಸೇರೋ ದಿನ ಫೋನ್ ಮಾಡಿ ಹೇಳ್ತೀನಿ” ಅಂದ. ದೊಡ್ಡಮ್ಮ ಹಳೆಯ ಕೆಲಸ ಬಿಟ್ಟಳು. ಮಾರನೆಯ ದಿನವೇ ಅಲ್ಲಿನ ಮಾಲೀಕ ಅವಳ ಮೇಜಿಗೆ ತನ್ನ ಅಳಿಯನನ್ನು ನಿಲ್ಲಿಸಿದ. ಅಲ್ಲಿಗೆ ವಾಪಸು ಹೋಗುವ ದಾರಿ ಮುಚ್ಚಿತು.

ಕಾಗದ ಕೊಡಲು ಹೋದಾಗ ಮ್ಯಾನೇಜರ್ ಇನ್ನೊಂದು ಮಾತು ಸೇರಿಸಿದ. “ಅಷ್ಟರಲ್ಲಿ ನರ್ಸ್ ಕೋಟಿಗೆ ಆರು ಸೈಜಿನ ರಟ್ಟು ಮಾಡಿಕೊಡಿ. ನಿಮ್ಮ ಕೈ ನೋಡಿದ ಹಾಗೂ ಆಗುತ್ತೆ.”

ನಾಲ್ಕು ದಿನ ನಮ್ಮ ಮನೆಯ ನೆಲದ ತುಂಬ ರಟ್ಟು. ನಾವೆಲ್ಲ ಗೋಡೆ ಹಿಡಿದುಕೊಂಡು ಓಡಾಡಿದೆವು. ಜೇಬಿನ ರಟ್ಟನ್ನು ದೊಡ್ಡಮ್ಮ ತನ್ನದೇ ರೀತಿಯಲ್ಲಿ ಮಾಡುತ್ತಾಳೆ. ಹೊರಗಿನ ಮೂಲೆ ಚೂಪು, ಒಳಗಿನ ಮೂಲೆ ದುಂಡಗೆ. ದುಂಡಗಿದ್ದರೆ ದೂಳು, ಹತ್ತಿಯ ಎಳೆ ಅಲ್ಲಿ ಸೇರಿಕೊಳ್ಳುವುದಿಲ್ಲ. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ರಟ್ಟುಗಳನ್ನು ಒಪ್ಪಿಸುವಾಗ ಮ್ಯಾನೇಜರಿಗೆ ಬಿಡಿಸಿ ಹೇಳಿದಳು, “ಇವಕ್ಕೆ ತೂತು ಹೊಡೆದಿಲ್ಲ, ನೋಡ್ಕೊಳ್ಳಿ. ನಿಮ್ಮ ಬಟ್ಟೆ ಬಂದ ದಿನ ತೊಳೆದು ನೋಡಿ, ಕುಗ್ಗು ಸೇರಿಸಿ ಕೊಡ್ತೀನಿ.” ಅವನು ಫೋನ್ ನೋಡುತ್ತಲೇ “ಆಗ್ಲಿ ಆಗ್ಲಿ” ಅಂದ.

ಆಮೇಲೆ ಶುರುವಾಯಿತು ಕಾಯುವುದು. ಮೊದಲ ವಾರ ಫೋನ್ ಮಾಡಿದಾಗ, ಕಂಪನಿಯ ಸಾಹೇಬರು ಊರಲ್ಲಿಲ್ಲ ಅಂದ ಮ್ಯಾನೇಜರ್. ಎರಡನೆಯ ವಾರ ಸಾಹೇಬರ ಸಹಿ ಆಗಬೇಕು. ಮೂರನೆಯ ವಾರ ಫೋನ್ ಎರಡು ಸಲ ಬಡಿದುಕೊಂಡು ಕಟ್ಟಾಗುತ್ತಿತ್ತು. ದೊಡ್ಡಮ್ಮ ದಿನಾ ಬೆಳಗ್ಗೆ ತಲೆ ಬಾಚಿ, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಹತ್ತು ಗಂಟೆ ದಾಟಿದ ಮೇಲೆ ಕತ್ತರಿ ತೆಗೆದು ಕಪಾಟಿನಲ್ಲಿಡುತ್ತಿದ್ದಳು. ಕಪಾಟಿನ ಬಾಗಿಲು ಬಡಿಯುವ ಸದ್ದಿನಲ್ಲೇ ಆ ದಿನದ ಸಿಟ್ಟು ಎಷ್ಟೆಂದು ನಮಗೆ ತಿಳಿಯುತ್ತಿತ್ತು.

ಅಪ್ಪ ಬಸ್ ಡ್ರೈವರ್. ನಗಿಸಲು ನೋಡಿದ. “ಅತ್ತಿಗೆ, ನಮ್ಮ ಬಸ್ಸಿಗೂ ಜನ ಹೀಗೇ ಕಾಯ್ತಾರೆ. ಆದರೂ ಒಂದಲ್ಲ ಒಂದು ಹೊತ್ತಿಗೆ ಬಂದೇ ಬರುತ್ತೆ.”

“ನಿಮ್ಮ ಬಸ್ಸಿಗೆ ಬೋರ್ಡಾದರೂ ಇರುತ್ತೆ” ಅಂದಳು ದೊಡ್ಡಮ್ಮ. “ಈ ಮ್ಯಾನೇಜರ್ ಬೇಡ ಅಂತಾನೂ ಬಾಯಿ ಬಿಡಲ್ಲ. ಬೇಡ ಅಂದಿದ್ರೆ ನಾಲ್ಕು ಬೈಗುಳ ಬೈದು ಬೇರೆ ಕಡೆ ಹೋಗ್ತಿದ್ದೆ. ಬೈಯೋದಕ್ಕೂ ಬಿಡ್ತಿಲ್ಲವಲ್ಲ!”

“ಬೈಗುಳಕ್ಕೇನು, ನನಗೆ ಬೈದು ಅಭ್ಯಾಸ ಇಟ್ಕೊಂಡಿರಿ.”

“ನಿಮಗೆ ಬೈಯೋಕೆ ನನ್ನ ತಂಗಿ ಇದ್ದಾಳೆ.”

ಆ ತಂಗಿ ನನ್ನ ಅಮ್ಮ. ಅಮ್ಮ ಮನೆಯಲ್ಲೇ ಗುಂಡಿ ಹೊಲಿಯುವ ಕೆಲಸ ಮಾಡುತ್ತಾಳೆ. ಸ್ಕೂಟರಿನವನು ಬೇರೆ ಬೇರೆ ಕಡೆಗಳಿಂದ ಬಟ್ಟೆಯ ಗಂಟು ತಂದು ಹಾಕಿ, ಮುಗಿದದ್ದನ್ನು ಒಯ್ಯುತ್ತಾನೆ. ಇಪ್ಪತ್ಮೂರನೆಯ ದಿನ ಅವನು ಬಿಳಿ ಕೋಟುಗಳ ಎರಡು ಗಂಟು ತಂದ. ಅಮ್ಮ ಒಂದನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕುರ್ಚಿಯಲ್ಲಿದ್ದ ದೊಡ್ಡಮ್ಮ ಎದ್ದು ಬಂದು ಕೋಟನ್ನು ಕಿತ್ತುಕೊಂಡಳು. ಜೇಬನ್ನು ಬೆರಳಿನಿಂದ ಸವರಿದಳು. ಹೊರಗಿನ ಮೂಲೆ ಚೂಪು, ಒಳಗಿನ ಮೂಲೆ ದುಂಡಗೆ.

“ಎಲ್ಲಿಂದ ಬಂತು ಇದು?”

“ಬಸ್ ನಿಲ್ದಾಣದ ಹಿಂದಿನ ಕಂಪನಿಯಿಂದ” ಅಂದ ಸ್ಕೂಟರಿನವನು. “ಆಸ್ಪತ್ರೆ ಆರ್ಡರ್ ಅಂತೆ. ಎರಡು ವಾರದಿಂದ ಭರ್ಜರಿ ಕಟಿಂಗ್ ನಡೀತಿದೆ.”

ದೊಡ್ಡಮ್ಮನ ಮುಖ ನೋಡಿ ಅವನು ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಟುಹೋದ. ಅವಳು ಎರಡು ಕೋಟು ತೆಗೆದುಕೊಂಡು ತೋಳಿಗೆ ತೋಳು ಹೊಂದಿಸಿ ಅಳೆದಳು. ಒಂದನ್ನು ಬಿಸಿನೀರಿನ ಬಕೀಟಿನಲ್ಲಿ ಅದ್ದಿ, ತಿರುವಿ ಹಿಂಡಿ, ಬಿಸಿಲಿಗೆ ಹಾಕಿದಳು. ಹಿಂಡುವಾಗ ಹಲ್ಲು ಕಚ್ಚಿದ್ದಳು. ಒಣಗಿದ ಮೇಲೆ ಅದರ ತೋಳು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡವಾಗಿತ್ತು.

“ನನ್ನ ಹಸಿ ರಟ್ಟಲ್ಲಿ ಕತ್ತರಿಸಿದ್ದಾರೆ” ಅಂದಳು.

ಅಮ್ಮ ಮೆಲ್ಲಗೆ, “ಸುಮ್ಮನಿದ್ದುಬಿಡು ಅಕ್ಕ. ಒಂದು ಸಲ ತೊಳೆದರೆ ಅವರ ಮರ್ಯಾದೆ ತಾನೇ ಹೋಗುತ್ತೆ” ಅಂದಳು.

“ಅವರ ಮರ್ಯಾದೆ ಕಟ್ಕೊಂಡು ನನಗೇನೇ ಆಗಬೇಕು? ಹೆರಿಗೆ ವಾರ್ಡಿನ ಹುಡುಗಿ ತೋಳು ಎಳ್ಕೊಂಡು ಎಳ್ಕೊಂಡು ನನ್ನ ಜೇಬಿಗೆ ಕೈ ಹಾಕಬೇಕಾ?”

ಮಾರನೆಯ ಬೆಳಗ್ಗೆ ಇಬ್ಬರೂ ಹೋದರು. ಅಲ್ಲಿ ನಡೆದದ್ದನ್ನು ಅಮ್ಮನೂ ಹೇಳಿದಳು, ದೊಡ್ಡಮ್ಮನೂ ಹೇಳಿದಳು. ಇಬ್ಬರ ಮಾತೂ ಹೊಂದುವುದನ್ನಷ್ಟೇ ಬರೆಯುತ್ತಿದ್ದೇನೆ.

ಕಟಿಂಗ್ ಮೇಜಿನ ಪಕ್ಕದ ಗೋಡೆಯಲ್ಲಿ ಅವಳ ರಟ್ಟುಗಳು ನೇತಾಡುತ್ತಿದ್ದವು. ಯಾರೋ ಸ್ಕ್ರೂಡ್ರೈವರಿನಿಂದ ಚುಚ್ಚಿ ತೂತು ಮಾಡಿದ್ದರು. ತೂತಿನ ಸುತ್ತ ರಟ್ಟು ಹರಿದು ಎದ್ದಿತ್ತು. ಅದನ್ನು ಕಂಡಾಗ, ತಿಂಗಳಿನಿಂದ ಕಾದದ್ದಕ್ಕಿಂತ ಹೆಚ್ಚು ಉರಿಯಿತು ಎಂದು ದೊಡ್ಡಮ್ಮ ಹೇಳುತ್ತಾಳೆ.

ಮ್ಯಾನೇಜರ್ ಬಂದವನೇ, “ಓ ಮೇಡಂ, ನಾನೇ ಫೋನ್ ಮಾಡೋನಿದ್ದೆ” ಅಂದ.

ದೊಡ್ಡಮ್ಮ ತೊಳೆದ ಕೋಟು, ತೊಳೆಯದ ಕೋಟು ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟಳು. ಮ್ಯಾನೇಜರ್ ನೋಡಿದ, ಅಳೆದ, ಮತ್ತೆ ಅಳೆದ. ಅವನ ಮುಖ ಬಟ್ಟೆಗಿಂತ ಬಿಳಿಯಾಯಿತು ಎಂದು ಅಮ್ಮ ಹೇಳಿದಳು. ನಾನೂರು ಕೋಟು ಆಗಲೇ ಕತ್ತರಿಸಿಯಾಗಿತ್ತು.

“ಮೇಡಂ, ಇವತ್ತೇ ಸೇರ್ಕೊಳ್ಳಿ. ಈಗಲೇ. ಇದನ್ನ ಹೇಗಾದ್ರೂ ಸರಿ ಮಾಡಿ.”

“ಸಾಹೇಬರ ಸಹಿ?”

“ಅದೆಲ್ಲ ನಾನು ನೋಡ್ಕೋತೀನಿ.”

“ನಿಮಗೇ ಆಗೋ ಹಾಗಿದ್ರೆ ಇಪ್ಪತ್ನಾಲ್ಕು ದಿನ ನನ್ನ ಯಾಕೆ ಬಾಗಿಲಲ್ಲಿ ಕೂರಿಸಿದ್ರಿ?”

ದೊಡ್ಡಮ್ಮ ಗೋಡೆಯ ಹತ್ತಿರ ಹೋಗಿ ರಟ್ಟುಗಳನ್ನು ಒಂದೊಂದಾಗಿ ಮೊಳೆಯಿಂದ ಬಿಡಿಸತೊಡಗಿದಳು. ಹೊಲಿಗೆ ಯಂತ್ರಗಳು ಒಂದರ ಹಿಂದೆ ಒಂದು ನಿಂತವು.

“ರೀ, ಏನ್ ಮಾಡ್ತಿದ್ದೀರಿ? ಅದು ಕಂಪನಿ ಆಸ್ತಿ!”

“ಹೌದಾ? ನಾನು ಕಂಪನಿಯವಳಾಗಿದ್ದು ಯಾವತ್ತು? ದಿನ ಹೇಳಿ. ನಾನು ಇಲ್ಲಿ ಕೆಲಸದಲ್ಲಿದ್ದೆ ಅಂದ್ರೆ ರಟ್ಟು ಕಂಪನಿದು. ಇರಲಿಲ್ಲ ಅಂದ್ರೆ ಇವು ನನ್ನ ಮನೆಯ ನೆಲದ ಮೇಲೆ ಹುಟ್ಟಿದ್ದು, ನನ್ನ ಮನೆಗೇ ಹೋಗ್ತವೆ.”

ಯಂತ್ರದ ಹಿಂದಿನಿಂದ ಒಬ್ಬ ಹೆಂಗಸು, “ಹೇಳಿ ಸಾರ್, ದಿನ ಹೇಳಿ” ಅಂದಳು. ಯಾರೋ ನಕ್ಕರು. ದೊಡ್ಡಮ್ಮ ನಗಲಿಲ್ಲ. ತೋಳಿನ ರಟ್ಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಬೆನ್ನಿನ ರಟ್ಟಿಗೆ ಕೈ ಹಾಕಿದಳು.

ಮ್ಯಾನೇಜರ್ ಕುರ್ಚಿ ಎಳೆದು ಕೂತು ಅವಳು ಕೆಲಸಕ್ಕೆ ಸೇರಿದ್ದಾಳೆ ಎಂದು ಕಂಪನಿಯ ಕಾಗದದ ಮೇಲೆ ಬರೆದ. ಆ ದಿನದ ತಾರೀಕು ಹಾಕಿದ್ದನ್ನು ಅವಳು ಹರಿದು ಅವನ ಮುಂದೆಯೇ ಇಟ್ಟಳು. ಎರಡನೆಯ ಕಾಗದದಲ್ಲಿ ಅವಳು ರಟ್ಟು ಮಾಡಲು ಶುರುಮಾಡಿದ ದಿನದ ತಾರೀಕು ಇತ್ತು, ಕೆಳಗೆ ಅವನ ಸಹಿ, ಕಂಪನಿಯ ಮೊಹರು. ಅದನ್ನು ಅಮ್ಮನಿಗೆ ಕೊಟ್ಟು ಗಟ್ಟಿಯಾಗಿ ಓದಿಸಿದಳು. ಆಮೇಲೆ ಕತ್ತರಿ ಸುತ್ತಿದ ಬಟ್ಟೆಯೊಳಗೆ ಮಡಚಿಟ್ಟುಕೊಂಡಳು. ರಟ್ಟುಗಳನ್ನು ಮೇಜಿನ ಮೇಲೆ ಇಳಿಸಿದಳು, ಮೊಳೆಗೆ ಹಾಕಲಿಲ್ಲ.

“ಸರಿ ಮೇಡಂ, ಈಗ ಶುರು ಮಾಡೋಣ್ವಾ?” ಅಂದ ಮ್ಯಾನೇಜರ್.

“ನಾಳೆ ಒಂಬತ್ತಕ್ಕೆ ಬರ್ತೀನಿ. ಇವತ್ತು ನನಗೆ ರಜ. ತಿಂಗಳಿಂದ ಕೆಲಸದಲ್ಲಿದ್ದೀನಿ, ಒಂದು ದಿನ ಕೊಡಲ್ವಾ?”

ಮನೆಗೆ ಬಂದ ಮೇಲೂ ಸಿಟ್ಟು ಇಳಿದಿರಲಿಲ್ಲ. ಗೋಡೆಗೆ ಒರಗಿಸಿದ್ದ ಕೋಟುಗಳ ಗಂಟನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ಉದ್ದ ತೋಳು ಹಾಕಬೇಕಾದರೆ ಆ ತೋಳುಗಳನ್ನೆಲ್ಲ ಬಿಚ್ಚಬೇಕಲ್ಲ, ಇಬ್ಬರೂ ಕೂತು ಈಗಲೇ ಶುರು ಮಾಡೋಣವಾ ಎಂದು ಅಮ್ಮ ಕೇಳಿದಳು.

“ಮುಟ್ಟಿದರೆ ನೋಡು” ಅಂದಳು ದೊಡ್ಡಮ್ಮ. “ನನ್ನ ರಟ್ಟಿಗೆ ತೂತು ಚುಚ್ಚಿದವನು ಮೊದಲು ಬಿಚ್ಚಲಿ.”

ಕತ್ತರಿಯನ್ನು ಕಪಾಟಿಗೆ ಇಡಲಿಲ್ಲ. ಚೀಲದಲ್ಲೇ ಬಿಟ್ಟು, ಚೀಲವನ್ನು ಬಾಗಿಲ ಚಿಲಕಕ್ಕೆ ನೇತುಹಾಕಿದಳು.