ಗಂಡು ಬೆಕ್ಕಿನ ಪ್ರೀತಿ, ಹೆಣ್ಣು ಬೆಕ್ಕಿನ ಮೂತಿ

ನಮ್ಮ ಮನೆಯಲ್ಲಿ ಬೆಕ್ಕಿಗೆ ಹೆಸರಿಡುವ ಪದ್ಧತಿ ಇಲ್ಲ. ಗಂಡು ಬೆಕ್ಕನ್ನು ಗಂಡು ಬೆಕ್ಕು ಅಂತಲೇ ಕರೆಯುತ್ತೇವೆ, ಹೆಣ್ಣು ಬೆಕ್ಕನ್ನು ಹೆಣ್ಣು ಬೆಕ್ಕು ಅಂತ. ಎಲ್ಲ ತಪ್ಪೂ ಶುರುವಾದದ್ದು ಇಲ್ಲಿಂದಲೇ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಹೆಸರಿದ್ದಿದ್ದರೆ, ಬೆಕ್ಕು ಪರಚಿದಾಗ ಆ ಹೆಸರಿನ ಬೆಕ್ಕು ಪರಚಿತು ಅನ್ನುತ್ತಿದ್ದರು. ಹೆಸರಿಲ್ಲದ ಕಾರಣ ಹೆಣ್ಣು ಪರಚಿತು ಅಂದರು. ಒಂದು ಪ್ರಾಣಿಯ ಸಿಟ್ಟು ಇಡೀ ಕುಲದ ಗುಣವಾಗಲು ಅಷ್ಟು ಸಾಕಾಯಿತು.

ಅವ್ವನಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. "ಗಂಡ ಬೆಕ್ಕ ಪ್ರೀತಿ ಮಾಡ್ತೈತಿ, ಹೆಣ್ಣ ಬೆಕ್ಕ ಲೆಕ್ಕ ಮಾಡ್ತೈತಿ," ಅನ್ನುವಳು. ಕೆಳಗಿನ ಮನೆಯ ಮಾಮಿಯದು ಇದಕ್ಕೆ ತದ್ವಿರುದ್ಧ. ಅವರ ಗಂಡು ಬೆಕ್ಕು ವಾರಗಟ್ಟಲೆ ಊರು ಸುತ್ತಲು ಹೋಗುತ್ತಿತ್ತು, ಒಮ್ಮೆ ಹೋದದ್ದು ವಾಪಸ್ಸೇ ಬರಲಿಲ್ಲ. ಹೆಣ್ಣು ಬೆಕ್ಕು ಸಾಯುವ ತನಕ ಅವರ ಕಾಲ ಬಳಿಯೇ ಮಲಗಿತು. ಹಾಗಾಗಿ "ಕಡುವನ್ ಪೂನೈಯ ನಂಬವೇ ಕೂಡಾದು," ಗಂಡು ಬೆಕ್ಕನ್ನು ನಂಬಲೇಬಾರದು, ಎಂಬುದು ಅವರ ವೇದ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಇಳಿದಾಗ ಇಬ್ಬರೂ ಮೆಟ್ಟಿಲ ಮೇಲೆ ನಿಂತು ಈ ಮಾತು ಆಡುವರು. ಇಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಬ್ಬರು ತಮಿಳಿನಲ್ಲಿ, ಇನ್ನೊಬ್ಬರು ಗದಗಿನ ಕನ್ನಡದ ಮೇಲೆ ತಮಿಳು ಸುರಿದುಕೊಂಡು. ಮನೆಯೊಳಗೆ ಬಂದ ಮೇಲೆ ಅವ್ವ, "ಆಕಿಗೇನ ತಿಳೀತೈತಿ," ಅನ್ನುವಳು. ಕೆಳಗೆ ಮಾಮಿಯೂ ಅದನ್ನೇ ಅನ್ನುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಅಜ್ಜ ನೂಲಿನ ವ್ಯಾಪಾರಕ್ಕೆಂದು ಗದಗಿನ ಕಡೆಯಿಂದ ಈ ತಮಿಳರ ಊರಿಗೆ ಬಂದವನು. ವ್ಯಾಪಾರ ಹೋಯಿತು, ವೆಸ್ಟ್ ಮಾಂಬಲಂನ ಎರಡನೇ ಮಹಡಿಯ ಫ್ಲ್ಯಾಟು ಉಳಿಯಿತು. ಅದರಲ್ಲಿ ಅವ್ವ, ತಮ್ಮನ ಸಂಸಾರ ಮತ್ತು ನಾನು. ನಾನು ಮದುವೆಯಾಗದವಳು, ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಗಣಿತ ಹೇಳಿಕೊಡುವವರಿಗೆ ಒಂದು ಚಟ ಅಂಟಿರುತ್ತದೆ. ಯಾರಾದರೂ "ಯಾವಾಗಲೂ ಹಂಗ" ಅಂದರೆ ಸಾಕು, "ಹೇಗೆ?" ಎಂದು ಕೇಳದೆ ಬಿಡಲಾಗುವುದಿಲ್ಲ.

ಹೇಗೆ ಎಂದು ಕೇಳಿದರೆ ಉತ್ತರ ಕಣ್ಣೆದುರಿಗೇ ಇತ್ತು. ಗಂಡು ಬೆಕ್ಕು ಸಿಕ್ಕಿದ್ದು ಅಂಬತ್ತೂರಿನಲ್ಲಿ, ತಮ್ಮನ ಲೇತ್ ಮಷೀನಿನ ಶೆಡ್ಡಿನಲ್ಲಿ, ಇನ್ನೂ ಕಣ್ಣು ಸರಿಯಾಗಿ ಬಿಡದಿದ್ದಾಗ. ತಮ್ಮ ಅದನ್ನು ಊಟದ ಚೀಲದಲ್ಲಿ ತಂದ. ಅವ್ವ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅದಕ್ಕೆ ಕುಡಿಸಿದಳು, ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಬೆಳೆಸಿದಳು. ಬೆಳಿಗ್ಗೆ ಅವ್ವ ಲಿಂಗಪೂಜೆಗೆ ಕೂತರೆ ಅದೂ ಪಕ್ಕದಲ್ಲಿ ಬಾಲ ಸುತ್ತಿಕೊಂಡು ಕೂರುತ್ತಿತ್ತು. ಅವ್ವ ಉಳಿದ ವಿಭೂತಿಯನ್ನು ಅದರ ಹಣೆಗೆ ಎಳೆದರೆ ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಳ್ಳುತ್ತಿತ್ತು. ಇಂಥದಕ್ಕೆ ಮನುಷ್ಯರೆಂದರೆ ಭಯ ಎಲ್ಲಿಂದ ಬರಬೇಕು?

ಹೆಣ್ಣು ಬೆಕ್ಕು ಬಂದದ್ದು ಬೆಳೆದ ಮೇಲೆ, ರೈಲ್ವೆ ಸ್ಟೇಷನ್ನಿನ ಹತ್ತಿರದ ತರಕಾರಿ ಅಂಗಡಿಗಳ ಕಡೆಯಿಂದ, ಹರಿದ ಕಿವಿ ಹೊತ್ತುಕೊಂಡು. ಅಡುಗೆಮನೆಯ ಕಿಟಕಿಯ ಗ್ರಿಲ್ ದಾಟಿ ಒಳಗೆ ಬಂದು, ನಾನು ಹಾಕಿದ ಮೊಸರನ್ನ ತಿಂದು, ಕಬ್ಬಿಣದ ಬೀರುವಿನ ಕೆಳಗೆ ಸೇರಿಕೊಂಡಿತು. ಆ ಬೀರು ಅದರ ಮನೆಯಾಯಿತು. ಯಾರಾದರೂ ಕೈ ಚಾಚಿದರೆ ಪರಚುವುದು. ನನ್ನನ್ನೂ ಪರಚಿದೆ, ನನಗೇನು ರಿಯಾಯಿತಿ ಇಲ್ಲ. ಎರಡಕ್ಕೂ ಪ್ರಾಣಿಗಳ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದ್ದೆವು, ಆದ್ದರಿಂದ ಮರಿ ಹಾಕುವ ರಗಳೆ, ಜೊತೆ ಹುಡುಕುವ ರಗಳೆ ಯಾವುದೂ ಇರಲಿಲ್ಲ. ಆದರೂ ಅವ್ವ ಅದರ ಮೂತಿಯನ್ನು ನೋಡಿದಾಗಲೆಲ್ಲ, "ಹೆಣ್ಣ ಅಲ್ಲೇನ, ಅದಕ್ಕ," ಅನ್ನುವುದು ಬಿಡಲಿಲ್ಲ.

ಒಂದು ದಿನ ಪೂಜೆ ಮುಗಿಸಿ ಎದ್ದವಳಿಗೆ ನಾನೇ ಕೇಳಿದೆ. "ಅವ್ವಾ, ನಮ್ಮೊಳಗ ಕೂಸಿಗೆ ಲಿಂಗಾ ಕಟ್ಟೂವಾಗ ಗಂಡೋ ಹೆಣ್ಣೋ ಅಂತ ನೋಡತಾರೇನು?"

"ಇಲ್ಲ. ಯಾಕ ನೋಡಬೇಕು?"

"ಮತ್ತ ಬೆಕ್ಕಿಗೆ ಹಾಲ ಹಾಕೂವಾಗ ಯಾಕ ನೋಡತೀ?"

ಅವ್ವ, "ಬೆಕ್ಕಿಗೆ ಯಾರರೆ ಲಿಂಗಾ ಕಟ್ಟತಾರೇನ ಹುಚ್ಚಿ," ಎಂದು ನಕ್ಕು ಒಳಗೆ ಹೋದಳು. ಅವತ್ತೂ ಗಂಡು ಬೆಕ್ಕಿಗೆ ಹಾಲು, ಹೆಣ್ಣು ಬೆಕ್ಕಿಗೆ ಹಾಲಿನ ಪಾತ್ರೆ ತೊಳೆದ ನೀರು.

ಇದು ಹೀಗೇ ತಮಾಷೆಯಲ್ಲಿ ನಡೆದುಹೋಗುತ್ತಿತ್ತು. ಆದರೆ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲು ಎಲ್ಲ ಮನೆಯವರೂ ಒಪ್ಪಿದರು. ಅದು ಮುಗಿಯುವ ತನಕ ಬಾಡಿಗೆ ಮನೆಯಲ್ಲಿರಬೇಕು. ಪಕ್ಕದ ಬೀದಿಯಲ್ಲೇ ಒಂದು ಸಿಕ್ಕಿತು. ಮಾಲೀಕರು ಸಸ್ಯಾಹಾರಿಗಳೇ ಬೇಕು ಅಂದರು, ಅದಾಯಿತು. ಬೆಕ್ಕು ಒಂದಾದರೆ ಸರಿ, ಎರಡು ಆಗುವುದೇ ಇಲ್ಲ ಅಂದರು. ತಮ್ಮ ಒಪ್ಪಿಕೊಂಡು ಮುಂಗಡ ಕೊಟ್ಟೇ ಮನೆಗೆ ಬಂದ.

ಯಾವ ಬೆಕ್ಕು ಎಂದು ಯಾರೂ ಚರ್ಚೆ ಮಾಡಲಿಲ್ಲ. ಅದು ಆಗಲೇ ತೀರ್ಮಾನವಾಗಿ ಹೋಗಿತ್ತು. "ಹೆಣ್ಣನ್ನ ಶೆಡ್ಡಿಗೆ ಒಯ್ತೀನಿ ಅಕ್ಕಾ. ಅಲ್ಲಿ ಇಲಿ ಭಾಳ ಅದಾವ, ಹೊಟ್ಟಿಗೇನ ಕಮ್ಮಿ ಇಲ್ಲ," ಎಂದ ತಮ್ಮ. ಆ ಶೆಡ್ ನಾನು ನೋಡಿದ್ದೇನೆ. ನೆಲದ ತುಂಬ ಎಣ್ಣೆ, ಬ್ಲೇಡಿನ ಹಾಗೆ ಸುರುಳಿ ಸುತ್ತಿದ ಕಬ್ಬಿಣದ ಚೂರು, ಭಾನುವಾರ ಷಟರ್ ಎಳೆದರೆ ಸೋಮವಾರವೇ ತೆರೆಯುವುದು. ನಾನು ಆಗುವುದಿಲ್ಲ ಅಂದೆ. ತಮ್ಮನ ಮಗಳು ಕಾಲೇಜಿಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ, "ಅತ್ತೆ, ಅದು ಉಂಗಳೈಯುಂ ಕಡಿಕ್ಕುದು, ಅದುಕ್ಕು ಪೋಯ್ ಇವ್ವಳವು ಫೈಟಾ?" ಅಂದಳು. ನಿಮ್ಮನ್ನೂ ಕಚ್ಚುತ್ತದೆ, ಅದಕ್ಕೋಸ್ಕರ ಇಷ್ಟು ಜಗಳವಾ ಎಂದು. ಹೌದು, ಅದಕ್ಕೋಸ್ಕರವೇ ಅಂದೆ.

ನನಗೆ ಯಾಕೆ ಅಷ್ಟು ಉರಿಯಿತು ಎಂದು ಮುಚ್ಚಿಡುವುದಿಲ್ಲ. ನನ್ನ ಇಪ್ಪತ್ತರ ವಯಸ್ಸಿನಲ್ಲಿ ನೋಡಲು ಬಂದವರಿಗೆ ನಾನು ಉಪ್ಪಿಟ್ಟು ಕೊಟ್ಟು, "ನಿಮ್ಮನ್ಯಾಗ ಉಂಡ ತಾಟು ಯಾರು ತೊಳೀತಾರ್ರಿ?" ಎಂದು ಕೇಳುತ್ತಿದ್ದೆ. ತಿಳಿದುಕೊಳ್ಳಬೇಕಾದ ವಿಷಯ, ಕೇಳಿದೆ. ಹುಡುಗಿ ಚೊಲೊ ಅದಾಳ, ಆದರ ಜನಕ್ಕ ಹೊಂದಂಗಿಲ್ಲ ಎಂದು ಹೇಳಿ ಕಳಿಸಿದರು. ಆ ಮಾತು ಬಂದುಬಳಗದಲ್ಲೆಲ್ಲ ಓಡಾಡಿತು. ಕೇಳಿದ್ದಕ್ಕೆ ನನಗೆ ಅವತ್ತೂ ಪಶ್ಚಾತ್ತಾಪವಿರಲಿಲ್ಲ, ಇವತ್ತೂ ಇಲ್ಲ.

ನನ್ನ ಹಟ ನೋಡಿ ತಮ್ಮ ಬೇರೆ ದಾರಿ ಹುಡುಕಿದ. ಕೋಡಂಬಾಕ್ಕಂನಲ್ಲಿ ನಮ್ಮ ಕಡೆಯವರೇ ಒಬ್ಬ ಹೆಣ್ಣುಮಗಳು, ಮಕ್ಕಳು ಬೇರೆ ಊರಿನಲ್ಲಿ, ಗಂಡ ಹೆಂಡತಿ ಇಬ್ಬರೇ. ಬೆಕ್ಕು ಬೇಕಂತೆ. ಒಂದು ಸಂಜೆ ನೋಡಲು ಬಂದರು. ಅವ್ವ ಉಪ್ಪಿಟ್ಟು ಮಾಡಿಸಿದಳು. ನನಗೆ ನಗು ಬಂತು, ಬೆಕ್ಕು ನೋಡಲು ಬಂದವರಿಗೂ ಉಪ್ಪಿಟ್ಟೇ.

ಅವರು ಕುರ್ಚಿಯಲ್ಲಿ ಕೂತದ್ದೇ ತಡ, ಗಂಡು ಬೆಕ್ಕು ಎದ್ದು ಬಂದು, ಒಂದು ಸಲ ಸೀರೆ ಮೂಸಿ, ತೊಡೆ ಹತ್ತಿ ಮಲಗಿಬಿಟ್ಟಿತು. ಆಕೆಯ ಮುಖ ಅರಳಿತು. "ಇದಽ ಏನ್ರಿ?"

"ಇದಲ್ಲರಿ, ಇನ್ನೊಂದು," ಎಂದಳು ಅವ್ವ, ಅವಸರದಲ್ಲಿ.

ಆಕೆ ಬೀರುವಿನ ಮುಂದೆ ಬಾಗಿ ಬಾ ಬಾ ಎಂದು ಕರೆದರು. ಒಳಗಿನಿಂದ ಬುಸ್ ಎಂಬ ಸದ್ದು ಬಂತು. ಕೈ ಹಿಂದೆ ಎಳೆದುಕೊಂಡು, "ಅಯ್ಯ, ಹೆಣ್ಣೇನ್ರಿ? ಅದಕ್ಕ ಮತ್ತ. ಹೆಣ್ಣ ಬೆಕ್ಕ ಜನಕ್ಕ ಹೊಂದಂಗಿಲ್ಲ ಬಿಡ್ರಿ," ಅಂದರು.

ಮತ್ತೆ ಅದೇ ಮಾತು. "ಹಂಗಾರ ಗಂಡನ್ನಽ ಒಯ್ಯಿರಿ," ಅಂದೆ.

ತಮ್ಮ ಫೋನಿನಿಂದ ತಲೆ ಎತ್ತಿದ. ಅವ್ವ ನನ್ನ ಕಡೆ ತಿರುಗಿದಳು. "ಏನಂತೀ? ಅದು ನನ್ನ ಮಗಾ ಇದ್ದಂಗ ಐತಿ."

"ಮಗಗ ಎಲ್ಲಿ ಹೋದ್ರೂ ತಾಟ ಹಾಕ್ತಾರವ್ವಾ. ಯಾರ ತೊಡಿ ಸಿಕ್ಕರೂ ಮಲಗತಾನ, ಎಲ್ಲಾರೂ ಬಾ ಅಂತಾರ. ಇಕೀಗೆ ಯಾರು ಹಾಕ್ತಾರ? ಈ ಮನಿ ಬಿಟ್ಟರ ಶೆಡ್ಡಷ್ಟ."

"ಪ್ರೀತಿ ಮಾಡೂದನ್ನ ಕೊಟ್ಟು ಪರಚೂದನ್ನ ಇಟ್ಕೋಬೇಕೇನು?"

"ಹೂಂ. ಪ್ರೀತಿ ಮಾಡೂದಕ್ಕ ಜಾಗಾ ಸಿಗತೈತಿ."

ಅವ್ವನಿಗೆ ಸಿಟ್ಟು ತಡೆಯಲಾಗಲಿಲ್ಲ. "ಯಾರೂ ಒಯ್ಯದ್ದನ್ನ ಎಷ್ಟಂತ ಮನ್ಯಾಗ ಇಟಗೊಳ್ಳೂದು?" ಅಂದುಬಿಟ್ಟಳು.

ಬಂದ ಹೆಣ್ಣುಮಗಳು ಉಪ್ಪಿಟ್ಟಿನ ಪ್ಲೇಟು ನೋಡುತ್ತ ಕೂತರು. ತಾನು ಏನಂದೆ ಎಂದು ಅವ್ವನಿಗೆ ತಿಳಿಯಿತು, ಅದು ಅವಳ ಮುಖದ ಮೇಲೆ ಕಂಡಿತು. ನನಗೆ ನೋವಾಯಿತು. ಆದರೆ ಅಳುವ ಪೈಕಿ ನಾನಲ್ಲ. "ಇಟಗೊಳ್ಳೂದಲ್ಲವ್ವಾ. ನಾವು ಇಲ್ಲೇ ಇರೂ ಮಂದಿ," ಅಂದೆ.

ಅವ್ವ ಎದ್ದಳು. ಗಂಡು ಬೆಕ್ಕನ್ನು ಎತ್ತಿಕೊಂಡು ಅದರ ತಲೆಗೆ ಕೆನ್ನೆ ಒತ್ತಿ ಹಿಡಿದಳು. ಆಮೇಲೆ ತಾನೇ ಅದನ್ನು ಆಕೆಯ ಕೈಗೆ ಕೊಟ್ಟು, "ರಾತ್ರಿ ಹಾಲು ಉಗುರು ಬೆಚ್ಚಗಿರಬೇಕ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಮರುದಿನ ಕೋಡಂಬಾಕ್ಕಂನಿಂದ ಫೋಟೋ ಬಂತು. ಗಂಡು ಬೆಕ್ಕು ಆ ಮನೆಯ ಯಜಮಾನರ ಹೊಟ್ಟೆಯ ಮೇಲೆ ಅಂಗಾತ ಮಲಗಿತ್ತು. ಅವ್ವ ಕನ್ನಡಕ ಹಾಕಿಕೊಂಡು ನೋಡಿ, "ಒಂದ ಸಲಾನೂ ಅಳಲಿಲ್ಲಂತ?" ಎಂದು ಕೇಳಿದಳು. ಅಳಲಿಲ್ಲವಂತೆ, ಬಂದ ಕೂಡಲೇ ಹಾಲು ಕುಡಿಯಿತಂತೆ. ಅವ್ವ ಫೋನನ್ನು ಮಗುಚಿಟ್ಟಳು. ಮೆಟ್ಟಿಲ ಮೇಲೆ ಮಾಮಿ, "ನಾನ್ ಅಪ್ಪವೇ ಸೊನ್ನೇನ್ ಇಲ್ಲೆ," ನಾನು ಆಗಲೇ ಹೇಳಿರಲಿಲ್ಲವಾ, ಎಂದು ಗೆದ್ದವರ ಹಾಗೆ ಅಂದರು. ನಾನು ಅವರ ಮೇಲೂ ಹರಿಹಾಯ್ದೆ. ಅದು ದ್ರೋಹವಲ್ಲ ಮಾಮಿ, ಮನುಷ್ಯರ ತೊಡೆ ಬೆಚ್ಚಗಿರುತ್ತದೆ ಎಂದು ಅದಕ್ಕೆ ಕಲಿಸಿದ್ದೇ ನಮ್ಮವ್ವ, ಕಲಿತದ್ದನ್ನು ಮಾಡುತ್ತಿದೆ, ಗಂಡಾದದ್ದಕ್ಕೆ ಬೈಯಬೇಡಿ ಅಂದೆ. ಮಾಮಿಗೆ ಸರಿಬರಲಿಲ್ಲ. ಇಬ್ಬರು ಮುದುಕಿಯರನ್ನೂ ಒಟ್ಟಿಗೇ ಎದುರು ಹಾಕಿಕೊಂಡ ವಾರ ಅದು.

ಆಮೇಲೆ ಮನೆ ಬದಲಿಸಿದೆವು. ಬೆಕ್ಕಿನ ಬಿಡಾರ ಅನ್ನುತ್ತಾರಲ್ಲ, ನಿಜವಾದ ಬೆಕ್ಕಿಗೆ ಅದು ಬೇಕಿರಲಿಲ್ಲ. ಬುಟ್ಟಿಗೆ ಹಾಕುವಷ್ಟರಲ್ಲಿ ನನ್ನ ಮೊಣಕೈ ತನಕ ಗೀರು. ಹೊಸ ಮನೆಯಲ್ಲಿ ಅದು ಅವ್ವನ ಮಂಚದ ಕೆಳಗೆ ಸೇರಿತು. ತೊಡೆಗೆ ಬರಲಿಲ್ಲ, ಈಗಲೂ ಬಂದಿಲ್ಲ. ಅವ್ವ ಮಂಚದಿಂದ ಕಾಲು ಇಳಿಸುವ ಮುಂಚೆ, "ಸರಿ ಅತ್ತಾಗ," ಎಂದು ಗದರುವುದನ್ನು ರೂಢಿ ಮಾಡಿಕೊಂಡಳು. ನನ್ನ ಜೊತೆ ಅವಳದು ಎಷ್ಟು ಬೇಕೋ ಅಷ್ಟೇ ಮಾತು.

ಹೋದ ವಾರ ಮಾಲೀಕರು ನಲ್ಲಿ ನೋಡುವ ನೆಪದಲ್ಲಿ ಮೇಲೆ ಬಂದರು. ಬೆಕ್ಕು ಒಂದೇ ಇದೆಯೇ ಎಂದು ನೋಡುವುದೇ ಅವರಿಗೆ ಬೇಕಿತ್ತು. ಮಂಚದ ಕೆಳಗೆ ಬಗ್ಗಿ ನೋಡಿ, "ಆಣಾ, ಪೊಣ್ಣಾ? ಸಾದುವಾ ಇರುಕ್ಕುಮಾ?" ಎಂದರು. ಗಂಡೋ ಹೆಣ್ಣೋ, ಸಾಧುವಾಗಿರುತ್ತದೋ.

ನಾನು ಬಾಗಿಲಲ್ಲಿ ನಿಂತಿದ್ದೆ, ಜಗಳಕ್ಕೆ ತಯಾರಾಗಿ ಬಾಯಿ ತೆರೆದೆ. ನನಗಿಂತ ಮೊದಲು ಮಂಚದ ಮೇಲೆ ಕೂತಿದ್ದ ಅವ್ವ ತನ್ನ ಹರಕು ತಮಿಳಿನಲ್ಲಿ ಹೇಳಿದಳು.

"ಸಾದು ಇಲ್ಲೆ. ಪರಚುಂ. ಆನಾ ಎಂಗ ವೀಟ್ಟು ಪೊಣ್ಣು."

ಸಾಧು ಅಲ್ಲ, ಪರಚುತ್ತಾಳೆ, ಆದರೆ ನಮ್ಮ ಮನೆಯ ಹುಡುಗಿ. ಹೇಳುವಾಗ ಅವ್ವ ಮಾಲೀಕರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವರು ಸರಿ ಸರಿ ಎಂದು ಕೆಳಗಿಳಿದು ಹೋದರು. ಬೆಕ್ಕು ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.