ತಗಡಿನ ಮೀನು

ಪೀಣ್ಯದಲ್ಲಿ ಲೇತ್ ಕೆಲಸದ ಪಿಳ್ಳಪ್ಪನ ಮನೆಯಲ್ಲಿ ಚಮಚ ಉಳಿಯುತ್ತಿರಲಿಲ್ಲ. ಹಿಡಿ ಕತ್ತರಿಸಿ, ಸುತ್ತಿಗೆಯಲ್ಲಿ ಬಗ್ಗಿಸಿ, ಗಾಳ ಸಿಕ್ಕಿಸಿದರೆ ಮೀನಿಗೆ ಮೋಸ ಮಾಡುವ ತಗಡಿನ ಮೀನು ತಯಾರು. ಬಂದ ನೆಂಟರು ಪಾಯಸವನ್ನು ಬೆರಳಲ್ಲೇ ನೆಕ್ಕಬೇಕು. ಭಾನುವಾರ ಬೆಳಿಗ್ಗೆ ಅದನ್ನು ದಾರಕ್ಕೆ ಕಟ್ಟಿ, ನೀರಿನ ಡ್ರಮ್ಮಿನಲ್ಲಿ ಎಳೆಯುತ್ತ ಹೆಂಡತಿಯನ್ನು ಕೂಗುತ್ತಿದ್ದ: "ಮುನಿರತ್ನಾ, ಬಳುಕ್ತಾ ಈಜ್ತೈತಾ ನೋಡೇ!" "ಕುಡುಕ ಮೋರಿಗೆ ಬಿದ್ದಂಗೈತೆ." "ಈಗ?" "ಮದುವೆ ಗಂಡು ನಾಚ್ಕೊಂಡಂಗೈತೆ." ಅವಳು ಹೂಂ ಅನ್ನದೆ ಅವನು ಕೆರೆಗೆ ಹೊರಡುವವನಲ್ಲ. ಮತ್ತೆ ಸುತ್ತಿಗೆ, ಮತ್ತೆ ಡ್ರಮ್ಮು, ಅಷ್ಟರಲ್ಲಿ ಮಧ್ಯಾಹ್ನದ ಮುದ್ದೆ. ನಿಜಕ್ಕೂ ಅವನ ಮೊದಲ ಮೀನೇ ಚೆನ್ನಾಗಿ ಈಜಿತ್ತು. ಅವಳು ಹೂಂ ಅಂದಿದ್ದರೆ ಅವನಿಗೆ ವಾರಕ್ಕೆ ಸಿಗುವ ಒಂದೇ ರಜೆಯೂ ಕೆರೆಯ ಪಾಲಾಗುತ್ತಿತ್ತು. ಅವನು ತೀರಿಕೊಂಡು ವರ್ಷವಾಯಿತು. ಈಗಲೂ ಭಾನುವಾರ ಮುನಿರತ್ನ ಡ್ರಮ್ಮಿನಲ್ಲಿ ಅದೇ ಮೊದಲ ಮೀನನ್ನು ಎಳೆಯುತ್ತಾಳೆ. "ಈಜ್ತೈತೆ ಕಣಯ್ಯಾ," ಎನ್ನುತ್ತಾಳೆ, "ಕೆರೆಗೆ ಹೋಗ್ಬಾ."